ಜೈಲಿನಲ್ಲೂ ಅಕ್ಷರ: ಕಲಿಕೆ ಕಷ್ಟವಾದವರಿಗೆ ಕಲಿಸುವುದು ಹೇಗೆ?



ಓದಲು ಬಾರದ ಬಂದಿ ಜಾಮೀನಿನ ಕಾಗದದಲ್ಲಿ ಏನಿದೆಯೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಅದಕ್ಕೇ ನಮ್ಮ ರಾಜ್ಯದ ಜೈಲುಗಳಲ್ಲಿ ‘ಕಲಿಕೆಯಿಂದ ಬದಲಾವಣೆ’ ಎಂಬ ಸಾಕ್ಷರತಾ ಕಾರ್ಯಕ್ರಮ ನಡೆದಿದೆ. ಆದರೆ ಕೆಲವರಿಗೆ ಎಷ್ಟು ತಿದ್ದಿದರೂ ಮ-ವ, ಪ-ಷ ಅದಲುಬದಲಾಗುತ್ತವೆ. ಇದು ದಡ್ಡತನವಲ್ಲ, ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಇದೂ ಸೇರಿದೆ.

ಇಂಥವರಿಗೆ ಹೇಗೆ ಕಲಿಸೋದು?

1. ದಿನಕ್ಕೆ ಒಂದೇ ಅಕ್ಷರ. ಮರಳಿನಲ್ಲಿ ಬೆರಳಿಂದ ತಿದ್ದಿಸಿ, ಬಾಯಲ್ಲೂ ಹೇಳಿಸಿ.
2. ಮ, ವ ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.
3. ಮೊದಲು ಅವರ ಹೆಸರು, ಮಕ್ಕಳ ಹೆಸರು; ಆಮೇಲೆ ‘ವಕೀಲರು’, ‘ಜಾಮೀನು’.
4. ಎಲ್ಲರ ಮುಂದೆ ಓದಿಸಿ ನಾಚಿಕೆಪಡಿಸಬೇಡಿ.

ದೇವಲಾಪುರದ ಸಂಘಗಳಲ್ಲೂ ಸಹಿ ಬಾರದ ಅಕ್ಕಂದಿರಿದ್ದರೆ ಹೀಗೇ ಕಲಿಸಿ ನೋಡಿ. ಸಾಲದ ಪತ್ರವೂ ಕಾಗದವೇ ಅಲ್ಲವೇ?