ಸಮುದ್ರದ ತಳದಲ್ಲಿ ತಾಮ್ರದ ಚಿಮಣಿ

ಜ್ವಾಲಾಮುಖಿ ಅಂದರೆ ಬೆಂಕಿ ಉಗುಳುವ ಬೆಟ್ಟ ಅಂತ ನಮಗೆಲ್ಲ ಗೊತ್ತು. ಸಮುದ್ರದೊಳಗೂ ಜ್ವಾಲಾಮುಖಿಗಳಿವೆ. ಅಲ್ಲಿ ತಾಮ್ರದ ಅದಿರೂ ಆಗುತ್ತದೆ! ನಾನು ತಿಳಿದುಕೊಂಡದ್ದನ್ನು ಬರೆದಿದ್ದೇನೆ.

ನ್ಯೂಜಿಲೆಂಡಿನ ಈಶಾನ್ಯಕ್ಕೆ ಪೆಸಿಫಿಕ್ ಸಾಗರದ ತಳದ ಶಿಲಾಫಲಕವು ಇನ್ನೊಂದು ಫಲಕದ ಕೆಳಗೆ ಜಾರುತ್ತಿದೆ. ಆಳದಲ್ಲಿ ಶಿಲೆ ಕರಗಿ, ಶಿಲಾರಸ ಮೇಲೆ ಬಂದು, ಬಿಲ್ಲಿನಂತೆ ಬಾಗಿದ ಕೆರ್ಮಡೆಕ್ ದ್ವೀಪಸಾಲು ಆಗಿದೆ. ಈ ಸಾಲಿನಲ್ಲಿ ಮುಳುಗಿರುವ ಒಂದು ಜ್ವಾಲಾಮುಖಿಯ ಹೆಸರು 'ಬ್ರದರ್ಸ್'. ಅದರ ಬಾಯಿ ಸುಮಾರು 3 ಕಿ.ಮೀ. ಅಗಲ. ಬಾಯಿಯ ತಳ ಸುಮಾರು 1,850 ಮೀಟರ್ ಆಳದಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಹಡಗಿನಿಂದ ಅದನ್ನು ಕೊರೆದು ಕಲ್ಲು ತೆಗೆದು ಪರೀಕ್ಷಿಸಿದರು.

ಅದಿರು ಆಗುವುದು ಹೀಗೆ:

1. ಸಮುದ್ರದ ನೀರು ಬಿರುಕುಗಳಲ್ಲಿ ಇಳಿಯುತ್ತದೆ.

2. ಶಿಲಾರಸದ ಶಾಖಕ್ಕೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಮೇಲಿನ ನೀರಿನ ಒತ್ತಡ ಜಾಸ್ತಿ, ಅದಕ್ಕೇ ಕುದಿಯುವುದಿಲ್ಲ.

3. ಕಲ್ಲಿನಲ್ಲಿರುವ ತಾಮ್ರ, ಸತು, ಕಬ್ಬಿಣ ಅದರಲ್ಲಿ ಕರಗುತ್ತವೆ. ಶಿಲಾರಸದಿಂದ ಗಂಧಕದ ಅನಿಲವೂ ಸೇರುತ್ತದೆ.

4. ಹೊರಗಿನ ತಣ್ಣೀರು ತಗಲಿದ ಕೂಡಲೇ ಲೋಹ ಗಂಧಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಸಕ್ಕರೆ ಪಾಕ ಆರಿದರೆ ಪಾತ್ರೆಗೆ ಹರಳು ಹಿಡಿಯುತ್ತಲ್ಲ, ಹಾಗೆ. ಅದೇ ಬೆಳೆದು ಚಿಮಣಿ ಆಗುತ್ತದೆ. ಉಳಿದದ್ದು ಕಪ್ಪು ಹೊಗೆಯಂತೆ ನೀರಲ್ಲಿ ಹರಡುತ್ತದೆ.

ಅಲ್ಲಿ ಬಿಸಿಲೇ ಇಲ್ಲ. ಆದರೂ ಬ್ಯಾಕ್ಟೀರಿಯಾಗಳು ಗಂಧಕದ ಅನಿಲದಿಂದ ಶಕ್ತಿ ಪಡೆದು ಆಹಾರ ತಯಾರಿಸುತ್ತವೆ. ಅವನ್ನೇ ನಂಬಿ ಸೀಗಡಿಗಳು, ಕೊಳವೆ ಹುಳುಗಳು ಬದುಕಿವೆ.

ಇಂಥದೇ ಅದಿರನ್ನು 2017ರಲ್ಲಿ ಜಪಾನಿನವರು ಓಕಿನಾವಾ ಹತ್ತಿರ ಸುಮಾರು 1,600 ಮೀಟರ್ ಆಳದಿಂದ ಪ್ರಯೋಗಕ್ಕಾಗಿ ಮೇಲೆತ್ತಿದರು. ಕರೆಂಟ್ ತಂತಿಗೆ ತಾಮ್ರ ಬೇಕು, ನಿಜ. ಚಿಮಣಿ ಕಿತ್ತರೆ ಆ ಜೀವಿಗಳಿಗೆ ಮನೆ ಎಲ್ಲಿ? ಮೊದಲು ಹಳೇ ತಂತಿಯ ತಾಮ್ರವನ್ನೇ ಕರಗಿಸಿ ಮತ್ತೆ ಬಳಸಬೇಕು ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?