ಮಳೆಗಾಲದಲ್ಲಿ ಸಿಗಾರ್ ಕಾಪಾಡುವುದು

ಪ್ರಶ್ನೆ: ಮಂಗಳೂರಿನ ಮಳೆಗಾಲದಲ್ಲಿ ಸಿಗಾರ್‌ಗಳಿಗೆ ಬೂಸ್ಟು ಹಿಡಿಯುತ್ತಿದೆ. ಫ್ರಿಜ್‌ನಲ್ಲಿಡಲೇ?

ಉತ್ತರ: ಬೇಡ. ಫ್ರಿಜ್‌ನ ಒಣ ಗಾಳಿಗೆ ಹೊರ ಎಲೆ ಬಿರಿಯುತ್ತದೆ, ಅಡುಗೆಯ ವಾಸನೆಯೂ ಹತ್ತುತ್ತದೆ. ಸಿಗಾರ್‌ಗೆ ಶೇ 65ರಿಂದ 70ರಷ್ಟು ತೇವಾಂಶ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ನಿಮ್ಮೂರಿನ ಸೆಖೆಗೆ ಶೇ 65 ಸಾಕು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೆಚ್ಚಾದರೆ ಹೀರುವ, ಕಡಿಮೆಯಾದರೆ ಬಿಡುವ ಪೊಟ್ಟಣವಿಡಿ, ಜೊತೆಗೆ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್. ಅದನ್ನು ಪರೀಕ್ಷಿಸಲು ಒದ್ದೆ ಉಪ್ಪಿನೊಂದಿಗೆ ಜಿಪ್ ಚೀಲದಲ್ಲಿ ಒಂದು ದಿನ ಮುಚ್ಚಿಡಿ. ಶೇ 75 ತೋರಿಸಬೇಕು.

ಉಷ್ಣತೆ 24 ಡಿಗ್ರಿ ದಾಟಿದರೆ ತಂಬಾಕಿನ ಹುಳುವಿನ ಕಾಟ. ಡಬ್ಬಿಯನ್ನು ಬಿಸಿಲು ತಾಗದ, ಮನೆಯ ಅತ್ಯಂತ ತಂಪಾದ ಕಪಾಟಿನಲ್ಲಿಡಿ. ಬೂಸ್ಟು ಒಳಗಿಳಿದಿದ್ದರೆ ಮರುಗದೆ ಎಸೆಯಿರಿ. ಎಷ್ಟೇ ಜೋಪಾನ ಮಾಡಿದರೂ ಸಿಗಾರ್ ತಂಬಾಕೇ, ಆರೋಗ್ಯಕ್ಕೆ ಹಾನಿಕರವೇ, ಇದನ್ನು ಮರೆಯಬೇಡಿ.