ಅಕ್ಕಡಿ ಸಾಲು: ಮಳೆಯಾಶ್ರಿತ ಬೇಸಾಯದ ಆಸರೆ

ಉಷ್ಣವಲಯದ ಮಳೆಯಾಶ್ರಿತ ಪ್ರದೇಶಗಳಲ್ಲಿ ಒಂದೇ ಬೆಳೆಯನ್ನು ನಂಬಿದ ರೈತನು, ಸಕಾಲಕ್ಕೆ ಮಳೆಯಾಗದಿದ್ದಲ್ಲಿ ಇಡೀ ವರ್ಷದ ಆಹಾರವನ್ನೇ ಕಳೆದುಕೊಳ್ಳಬಹುದು. ದಕ್ಷಿಣ ಕರ್ನಾಟಕದ ರೈತರು ಇದಕ್ಕೆ ಕಂಡುಕೊಂಡ ಪರಿಹಾರವೇ ಅಕ್ಕಡಿ ಪದ್ಧತಿ. ರಾಗಿಯ ಹೊಲದಲ್ಲಿ ನಿಗದಿತ ಅಂತರಕ್ಕೊಂದರಂತೆ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಮುಂತಾದವುಗಳನ್ನು ಸಾಲಾಗಿ ಬಿತ್ತುವುದು ಇದರ ಕ್ರಮ.

ರಾಗಿಯ ಬೇರುಗಳು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲಿ ಹರಡುತ್ತವೆ. ತೊಗರಿಯ ತಾಯಿಬೇರು ಆಳಕ್ಕಿಳಿದು ಅಲ್ಲಿನ ತೇವವನ್ನು ಹೀರುತ್ತದೆ. ಆದ್ದರಿಂದ ರಾಗಿಯ ಕೊಯ್ಲಾದ ಮೇಲೂ ತೊಗರಿ ಹೊಲದಲ್ಲಿ ನಿಂತು ಮಾಗುತ್ತದೆ. ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ವಾಯುಮಂಡಲದ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಉದುರಿದ ಎಲೆ ಮಣ್ಣಿಗೆ ಗೊಬ್ಬರವಾಗುತ್ತದೆ. ಮುದ್ದೆಗೆ ರಾಗಿಯೂ ಸಾರಿಗೆ ಕಾಳೂ ಒಂದೇ ಹೊಲದಿಂದ ದೊರೆಯುತ್ತವೆ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಮನೆಗೆ ಬರುವ ಸಂಭವವಿರುತ್ತದೆ.

ಯಂತ್ರದ ಕೊಯ್ಲಿಗೆ ಏಕಬೆಳೆಯೇ ಅನುಕೂಲವೆಂದು ಅಕ್ಕಡಿ ಸಾಲುಗಳನ್ನು ಕೈಬಿಟ್ಟಲ್ಲಿ ಈ ಆಸರೆ ತಪ್ಪುತ್ತದೆ. ಮನೆಯಲ್ಲಿ ಕಾಪಿಟ್ಟ ನಾಟಿ ಬೀಜಗಳೂ ಕ್ರಮೇಣ ಮರೆಯಾಗುತ್ತವೆ. ಪದ್ಧತಿಯನ್ನು ಉಳಿಸಿಕೊಂಡೇ ಅದನ್ನು ಸುಧಾರಿಸಲು ಸಾಧ್ಯವಿದೆ. 8ರಿಂದ 10 ಸಾಲು ರಾಗಿಗೆ 2 ಸಾಲು ತೊಗರಿ ಎಂಬ ಶಿಫಾರಸು ಇದಕ್ಕೆ ಉತ್ತಮ ನಿದರ್ಶನ. ಹಿರಿಯರ ಅನುಭವವೂ ಕೃಷಿ ವಿಜ್ಞಾನವೂ ಹೀಗೆ ಕೂಡಿದಾಗ ಭೂಮಿಯ ಫಲವತ್ತತೆ ಮುಂದಿನ ಪೀಳಿಗೆಗೂ ಉಳಿಯುತ್ತದೆ.